ಕಿಂದರಿಜೋಗಿಗೆ ಕೊಡಬೇಕಾದ ಕೂಲಿ

ಈ ವರ್ಷ ನಮ್ಮ ಸಂಘದ ನಾಟಕ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಅಂತ ನೋಟಿಸ್ ಬೋರ್ಡಿಗೆ ಅಂಟಿಸಿದ ದಿನವೇ ಕ್ಯಾಂಟೀನಿನಲ್ಲಿ ನಗು ಶುರುವಾಯ್ತು. “ಏನ್ರಪ್ಪಾ, ಇಂಜಿನಿಯರಿಂಗ್ ಓದೋರು ಇಲಿ ವೇಷ ಹಾಕ್ಕೊಂಡು ಕುಣೀತೀರಾ?” ಅಂತ. ಹೌದು ಗೆಳೆಯರೇ, ಕುಣೀತೀವಿ. ಜನವರಿಯಲ್ಲಿ ಕೊಳ್ಳೇಗಾಲ, ಹನೂರು, ಯಳಂದೂರು, ಈ ಮೂರೂ ಕಡೆ ಒಂದೊಂದು ಶಾಲೆಯ ಅಂಗಳದಲ್ಲಿ ಆಡೋದು ಅಂತ ತೀರ್ಮಾನವಾಗಿದೆ. ನಮ್ಮಲ್ಲಿ ಅರ್ಧ ಜನ ಆ ಕಡೆಯವರೇ. ನಾವು ಓದಿದ ಶಾಲೆಗೆ ನಾವೇ ನಾಟಕ ತಗೊಂಡು ಹೋಗೋ ಆಸೆ.

ತೊಂದರೆ ಬಂದದ್ದು ಒಂದು ಫೋನಿನಿಂದ. ಮೂರು ಶಾಲೆಗಳಲ್ಲಿ ಒಂದರ ಮೇಡಂ ಕೇಳಿದರು: “ಹಾಡು, ಕುಣಿತ ಎಲ್ಲಾ ಚೆನ್ನಾಗಿರುತ್ತೆ ಬಿಡಿ. ಆದ್ರೆ ಕೊನೇಲಿ ಮಕ್ಕಳು ವಾಪಸ್ ಬರೋ ಹಾಗೆ ಮಾಡ್ಬಿಡಿ. ಅಪ್ಪ, ಅಮ್ಮ, ಅಜ್ಜಿ, ಕೈಕೂಸು ಎಲ್ಲಾ ಬಂದು ಕೂತಿರ್ತಾರೆ. ಮನೆಮಂದಿಯೆಲ್ಲ ನೋಡೋ ನಾಟಕ ಅಂತ ಹೇಳಿದೀವಿ.”

ಅವರು ಕೇಳಿದ್ದರಲ್ಲಿ ತಪ್ಪೇನಿಲ್ಲ. ಆ ರಾತ್ರಿ ರಿಹರ್ಸಲ್ ಬಿಟ್ಟು ನಾವು ಬರೀ ಜಗಳ ಆಡಿದೆವು. ಮನೆಮಂದಿಯೆಲ್ಲ ನೋಡಬಹುದಾದ ನಾಟಕ ಅಂದರೆ ಭಯ ಹುಟ್ಟಿಸೋದನ್ನೆಲ್ಲ ತೆಗೆದುಹಾಕಿದ ನಾಟಕವಾ? ಹಾಗೆ ತೆಗೆದರೆ ಕಿಂದರಿಜೋಗಿಯಲ್ಲಿ ಉಳಿಯೋದೇನು? ಉತ್ತರ ಹುಡುಕುತ್ತಾ ಈ ಕಥೆಯ ಬಗ್ಗೆ, ಹಾಡಿನ ಬಗ್ಗೆ, ಕೊನೆಗೆ ನಮ್ಮ ಬಗ್ಗೆ ಕೂಡ ಗೊತ್ತಾದದ್ದನ್ನು ಇಲ್ಲಿ ಬರೀತಾ ಇದ್ದೇವೆ.

ಕಥೆ ಬಂದ ದಾರಿ

ಮೂಲ ಕಥೆ ಜರ್ಮನಿಯ ಹ್ಯಾಮೆಲಿನ್ ಪಟ್ಟಣದ್ದು. ವೇಸರ್ ನದಿಯ ದಂಡೆಯ ಊರು. 1284ರ ಜೂನ್ 26ರಂದು ಬಣ್ಣಬಣ್ಣದ ಬಟ್ಟೆ ತೊಟ್ಟ ಕೊಳಲುಗಾರನೊಬ್ಬ 130 ಮಕ್ಕಳನ್ನು ಊರಿನಿಂದ ಕರೆದುಕೊಂಡು ಹೋದ, ಅವರು ಮತ್ತೆ ಬರಲಿಲ್ಲ ಅನ್ನೋದು ಆ ಊರಿನ ನೆನಪು. ಮೊದಮೊದಲ ರೂಪಗಳಲ್ಲಿ ಇಲಿಗಳೇ ಇಲ್ಲ, ಮಕ್ಕಳು ಹೋದದ್ದು ಮಾತ್ರ ಇದೆ. ಇಲಿಗಳು ಕಥೆಯೊಳಗೆ ನುಗ್ಗಿದ್ದು 16ನೇ ಶತಮಾನದಲ್ಲಿ. ಅಂದರೆ ಕಾರಣ ಗೊತ್ತಿಲ್ಲದ ಒಂದು ದುಃಖ ಮೊದಲಿತ್ತು, ಅದಕ್ಕೊಂದು ಕಾರಣವನ್ನು ಜನ ಆಮೇಲೆ ಜೋಡಿಸಿಕೊಂಡರು. ಕಾರಣ ಇಷ್ಟೇ: ಕೆಲಸ ಮಾಡಿಸಿಕೊಂಡರು, ಕೂಲಿ ಕೊಡಲಿಲ್ಲ.

ಗ್ರಿಮ್ ಸಹೋದರರು 1816ರಲ್ಲಿ ಪ್ರಕಟಿಸಿದ ಜರ್ಮನ್ ಐತಿಹ್ಯಗಳ ಸಂಗ್ರಹದಲ್ಲಿ ಈ ಕಥೆ ಇದೆ. ಇಂಗ್ಲಿಷಿನಲ್ಲಿ ರಾಬರ್ಟ್ ಬ್ರೌನಿಂಗ್ ಇದನ್ನು ಕಥನ ಕವನ ಮಾಡಿ 1842ರಲ್ಲಿ ಪ್ರಕಟಿಸಿದ. ಅದನ್ನು ಆತ ಬರೆದದ್ದು ಕಾಯಿಲೆ ಬಿದ್ದಿದ್ದ ಒಬ್ಬ ಹುಡುಗನಿಗಾಗಿ, ಹೆಸರಾಂತ ನಟ ಮ್ಯಾಕ್ರೆಡಿಯ ಮಗನಿಗಾಗಿ. ಕಾಯಿಲೆಯ ಮಗುವಿಗೆ ಅಂತ ಬರೆದರೂ ಬ್ರೌನಿಂಗ್ ಕೊನೆಯನ್ನು ಸಿಹಿ ಮಾಡಲಿಲ್ಲ ಅನ್ನೋದನ್ನು ಗಮನಿಸಿ. ಬೆಟ್ಟದ ಬಾಗಿಲು ತೆರೆಯುತ್ತೆ, ಮಕ್ಕಳು ಒಳಗೆ ಹೋಗ್ತಾರೆ, ಬಾಗಿಲು ಮುಚ್ಚುತ್ತೆ. ಕಾಲು ಸರಿಯಿಲ್ಲದೆ ಹಿಂದೆ ಬಿದ್ದ ಒಬ್ಬ ಹುಡುಗ ಮಾತ್ರ ಊರಲ್ಲಿ ಉಳೀತಾನೆ.

ಕುವೆಂಪು ಇದನ್ನು ಕನ್ನಡಕ್ಕೆ ತಂದದ್ದು 1920ರ ದಶಕದಲ್ಲಿ, ಇನ್ನೂ ಇಪ್ಪತ್ತರ ಆಸುಪಾಸಿನ ತರುಣನಾಗಿದ್ದಾಗ. ನಮ್ಮ ವಯಸ್ಸು! ವೇಸರ್ ನದಿ ಹೋಗಿ ತುಂಗೆ ಬಂತು. ಹ್ಯಾಮೆಲಿನ್ ಹೋಗಿ ಬೊಮ್ಮನಹಳ್ಳಿ ಬಂತು. ಮೇಯರ್ ಹೋಗಿ ಗೌಡ ಬಂದ. ಕೊಳಲುಗಾರ ಹೋಗಿ ಜೋಗಿ ಬಂದ. ನಮ್ಮ ಅಪ್ಪ ಅಮ್ಮಂದಿರು ಇದನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದವರು. ಇದು ಬೇರೆ ದೇಶದ ಕಥೆ ಅಂದರೆ ನಮ್ಮ ಅಜ್ಜಿಯಂದಿರು ನಂಬೋದೇ ಇಲ್ಲ.

ಕೊಳಲು ಹೋಗಿ ಕಿಂದರಿ ಬಂದಾಗ ಆದದ್ದೇನು

ಕುವೆಂಪು ಮಾಡಿದ ಬದಲಾವಣೆಗಳಲ್ಲಿ ರಂಗದ ಮೇಲೆ ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬರೋದು ವಾದ್ಯದ ಬದಲಾವಣೆ. ಇದು ನಮಗೆ ಗೊತ್ತಾದದ್ದು ರಿಹರ್ಸಲ್ಲಿನ ಎರಡನೇ ದಿನ.

ಕೊಳಲು ಊದುವವನ ಬಾಯಿ ಕಟ್ಟಿಹೋಗಿರುತ್ತೆ. ಅವನು ಹಾಡಲಾರ, ಮಾತಾಡಲಾರ, ಮಕ್ಕಳನ್ನು ಹೆಸರು ಹಿಡಿದು ಕರೆಯಲಾರ. ಹಾಗಾಗಿ ಹ್ಯಾಮೆಲಿನ್ನಿನ ಕೊಳಲುಗಾರ ರಂಗದ ಮೇಲೆ ನಿಗೂಢವಾಗಿಯೇ ಉಳೀತಾನೆ. ಕಿಂದರಿ ಅಂದರೆ ಕಿನ್ನರಿ, ತಂತಿ ವಾದ್ಯ. ಬಿದಿರಿನ ದಂಡಿಗೆ ಸೋರೆಬುರುಡೆ ಕಟ್ಟಿ ಮಾಡೋದು. ಇದನ್ನು ನುಡಿಸುತ್ತಾ ಕಥೆ ಹಾಡಿಕೊಂಡು ಊರೂರು ತಿರುಗುವ ಕಿನ್ನರಿ ಜೋಗಿಗಳು ನಮ್ಮಲ್ಲಿ ನಿಜವಾಗಿಯೂ ಇದ್ದಾರೆ, ಅರ್ಜುನ ಜೋಗಿಯ ಕಥೆ ಅವರ ಹಾಡುಗಳಲ್ಲೊಂದು. ಕೈಯಲ್ಲಿ ತಂತಿ ಇದ್ದರೆ ಬಾಯಿ ಬಿಡುವಾಗಿರುತ್ತೆ. ಜೋಗಿ ನುಡಿಸ್ತಾನೆ, ಹಾಡ್ತಾನೆ, ಗೌಡನ ಜೊತೆ ಚೌಕಾಸಿ ಮಾಡ್ತಾನೆ, ನಗ್ತಾನೆ, ಕೊನೆಗೆ ಮಕ್ಕಳಿಗೆ ‘ಬನ್ನಿ’ ಅಂತಾನೆ. ಸಂಗೀತ ನಾಟಕಕ್ಕೆ ಬೇಕಾದ ನಾಯಕ ಕುವೆಂಪು ಅವರ ಒಂದೇ ಬದಲಾವಣೆಯಿಂದ ಸಿಕ್ಕಿಬಿಟ್ಟ.

ಎರಡನೆಯ ಲಾಭ ಪದ್ಯದ ನಡೆ. ನಾಲ್ಕು ನಾಲ್ಕು ಮಾತ್ರೆಯ ಹೆಜ್ಜೆ. ಚಪ್ಪಾಳೆ ತಟ್ಟಿಕೊಂಡು ಓದಿದರೆ ಸಾಕು, ಕುಣಿತ ತಾನಾಗಿ ಬರುತ್ತೆ. ಇದಕ್ಕೆ ತಾಳ ಹುಡುಕುವ ಕಷ್ಟವನ್ನು ನಿರ್ದೇಶಕ ಪಡಬೇಕಾಗಿಯೇ ಇಲ್ಲ.

ಅಂಗಳದ ಫಿಸಿಕ್ಸ್

ನಾವು ಆಡೋದು ಆಡಿಟೋರಿಯಂನಲ್ಲಿ ಅಲ್ಲ, ಶಾಲೆಯ ಅಂಗಳದಲ್ಲಿ. ಮೈಕ್ ಇರುತ್ತೋ ಇಲ್ವೋ, ಕರೆಂಟ್ ಇರುತ್ತೋ ಇಲ್ವೋ. ಎಂಟು ಪಾತ್ರಧಾರಿಗಳಿಗೆ ಕಾಲರ್ ಮೈಕ್ ಬಾಡಿಗೆಗೆ ತರೋ ದುಡ್ಡೂ ಇಲ್ಲ. ಈ ಲೆಕ್ಕ ಮಾಡಿ ನೋಡಿ: ಬಯಲಿನಲ್ಲಿ ದೂರ ಎರಡರಷ್ಟಾದಾಗಲೆಲ್ಲ ಧ್ವನಿ 6 ಡೆಸಿಬೆಲ್ ಇಳಿಯುತ್ತೆ. ಮುಂದಿನ ಸಾಲು 4 ಮೀಟರ್ ದೂರ, ಹಿಂದೆ ನಿಂತ ಅಪ್ಪಂದಿರು 32 ಮೀಟರ್ ದೂರ. ನಾಲ್ಕು ಎಂಟಾಯ್ತು, ಎಂಟು ಹದಿನಾರಾಯ್ತು, ಹದಿನಾರು ಮೂವತ್ತೆರಡಾಯ್ತು. ಒಟ್ಟು 18 ಡೆಸಿಬೆಲ್ ಹೋಯ್ತು. ಮುಂದಿನವರಿಗೆ ಸಲೀಸಾಗಿ ಕೇಳುವ ಮಾತು ಹಿಂದಿನವರಿಗೆ ಗುಸುಗುಸು.

ಇದಕ್ಕೆ ನಮ್ಮ ಸೀಮೆಯಲ್ಲಿ ಹಳೇ ಪರಿಹಾರ ಇದೆ: ಹಿಮ್ಮೇಳ. ಒಬ್ಬನ ಬದಲು ಹತ್ತು ಜನ ಅದೇ ಬಲದಲ್ಲಿ ಹಾಡಿದರೆ ಸುಮಾರು 10 ಡೆಸಿಬೆಲ್ ವಾಪಸ್ ಬರುತ್ತೆ. ಮಲೆ ಮಹದೇಶ್ವರನ ಕಥೆ ಹಾಡುವ ದೇವರಗುಡ್ಡರನ್ನು ನೋಡಿ. ಒಬ್ಬರು ಕಥೆ ಹೇಳ್ತಾರೆ, ಮಿಕ್ಕವರು ಸೊಲ್ಲು ಎತ್ತಿಕೊಳ್ತಾರೆ. ಮುಂದೆ ಕೂತವನಿಗೆ ಅದು ಹಾಡಿನ ಸೊಗಸು. ಹಿಂದೆ ಕೂತವನಿಗೆ ಹೋದ ಸಾಲು ಇನ್ನೊಮ್ಮೆ ಸಿಗುವ ಅವಕಾಶ. ಜೊತೆಗೆ ಕಂಸಾಳೆ. ಎಡಗೈಯಲ್ಲಿ ಬಟ್ಟಲಿನಂಥ ತಾಳ, ಬಲಗೈಯಲ್ಲಿ ದಾರ ಕಟ್ಟಿದ ಚಪ್ಪಟೆ ತಾಳ. ಕಂಚಿಗೆ ಕಂಚು ಬಡಿದಾಗ ಬರೋ ಚುರುಕು ಸದ್ದು ಗದ್ದಲದ ನಡುವೆಯೂ ಎದ್ದು ಕೇಳುತ್ತೆ.

ಅದಕ್ಕೇ ನಮ್ಮ ನಾಟಕದಲ್ಲಿ ಕಥೆ ಹೇಳೋದು ಹತ್ತು ಜನರ ಮೇಳ. ಗೌಡ, ಜೋಗಿ, ಊರಿನವರು ಆಡುವ ಮುಖ್ಯ ಮಾತುಗಳನ್ನೆಲ್ಲ ಮೇಳ ಒಮ್ಮೆ ಹಾಡಿ ಗಟ್ಟಿ ಮಾಡುತ್ತೆ. ಹನೂರು ಕಡೆ ಮನೆಯಲ್ಲಿ ತಮಿಳು ಆಡುವ ಮಕ್ಕಳಿದ್ದಾರೆ, ಬಿಳಿಗಿರಿರಂಗನ ಬೆಟ್ಟದ ಕಡೆ ಸೋಲಿಗರ ಮಕ್ಕಳಿದ್ದಾರೆ. ಪುಸ್ತಕದ ಕನ್ನಡ ಒಂದು ಸಲಕ್ಕೆ ಹತ್ತದಿದ್ದರೂ ಎರಡನೇ ಸಲ ಹಾಡಿನಲ್ಲಿ ಬಂದಾಗ ಹತ್ತುತ್ತೆ.

ಇಲಿಗಳದ್ದು ಇನ್ನೊಂದು ಪ್ರಶ್ನೆ. ಸಾವಿರಾರು ಇಲಿಗಳನ್ನು ತೋರಿಸೋದು ಹ್ಯಾಗೆ? ನಾವು ಮುಖವಾಡಕ್ಕೆ ದುಡ್ಡು ಸುರಿಯಲಿಲ್ಲ. ಬಿ.ವಿ. ಕಾರಂತರು ಕನ್ನಡ ರಂಗಭೂಮಿಗೆ ಕಲಿಸಿಕೊಟ್ಟ ಪಾಠ ಒಂದಿದೆ: ರಂಗಸಂಗೀತಕ್ಕೆ ವಾದ್ಯವೇ ಬೇಕು ಅಂತಿಲ್ಲ, ಸದ್ದು ಮಾಡುವ ವಸ್ತು ಸಾಕು. ಬಾಲಕನಾಗಿ ಗುಬ್ಬಿ ಕಂಪನಿ ಸೇರಿದ್ದ, ಮುಂದೆ 1989ರಲ್ಲಿ ಮೈಸೂರಿನ ರಂಗಾಯಣದ ಮೊದಲ ನಿರ್ದೇಶಕರಾದ ಕಾರಂತರು ಮಕ್ಕಳ ನಾಟಕಗಳನ್ನು ದೊಡ್ಡವರ ನಾಟಕದಷ್ಟೇ ಗಂಭೀರವಾಗಿ ತಗೊಂಡವರು. ನಾವು ಒಣಗಿದ ಮುತ್ತುಗದೆಲೆ, ತಗಡಿನ ಡಬ್ಬಿ, ಹಳೇ ಲ್ಯಾಬ್ ರೆಕಾರ್ಡಿನ ಹಾಳೆ ತಗೊಂಡೆವು. ಕತ್ತಲಲ್ಲಿ ಮೂವತ್ತು ಮಕ್ಕಳು ಹಾಳೆ ಪರಪರ ಅನ್ನಿಸಿದರೆ ಸಾಕು, ಮುಂದೆ ಕೂತವರು ಕಾಲು ಮೇಲೆತ್ತಿಕೊಳ್ತಾರೆ.

ಆ ಮೂವತ್ತು ಮಕ್ಕಳು ಆಯಾ ಶಾಲೆಯವರೇ. ಮೊದಲ ಭಾಗದಲ್ಲಿ ಇಲಿಗಳು, ಎರಡನೇ ಭಾಗದಲ್ಲಿ ಬೊಮ್ಮನಹಳ್ಳಿಯ ಮಕ್ಕಳು. ಹೀಗೆ ಮಾಡಿದ್ದು ಬಟ್ಟೆಯ ಖರ್ಚು ಉಳಿಸೋಕೆ. ಆದರೆ ಮಾಡಿ ನೋಡಿದಾಗ ಬೆನ್ನಲ್ಲಿ ಚಳಿ ಹುಟ್ಟಿತು. ಜೋಗಿಯ ಹಿಂದೆ ಹೊಳೆಗೆ ಹೋದ ಅದೇ ಮುಖಗಳು ಈಗ ಬೆಟ್ಟದ ಕಡೆಗೆ ಹೊರಟಿವೆ.

ಅವೇ ಐದು ಸ್ವರ

ಇಲಿಗಳನ್ನು ಕರೆದ ಹಾಡು, ಮಕ್ಕಳನ್ನು ಕರೆದ ಹಾಡು ಎರಡೂ ಬೇರೆ ಬೇರೆಯಾ ಅನ್ನೋದು ಸಂಗೀತ ಮಾಡುವವರ ದೊಡ್ಡ ಪ್ರಶ್ನೆ. ಪೂರ್ತಿ ಬೇರೆ ಮಾಡಿದರೆ ಜೋಗಿ ಒಬ್ಬನೇ ಅನ್ನೋದು ಕಿವಿಗೆ ಗೊತ್ತಾಗಲ್ಲ. ಒಂದೇ ಮಾಡಿದರೆ ಮಕ್ಕಳೂ ಇಲಿಗಳೂ ಒಂದೇ ಅಂದ ಹಾಗಾಗುತ್ತೆ.

ನಮ್ಮ ಇಲೆಕ್ಟ್ರಾನಿಕ್ಸ್ ವಿಭಾಗದ ಗೆಳತಿಯೊಬ್ಬಳು ಸಂಗೀತ ಕಲಿತವಳು. ಅವಳು ತೋರಿಸಿದ ದಾರಿ ಇದು. ಮೋಹನ ರಾಗದ ಸ್ವರಗಳು ಸ ರಿ ಗ ಪ ದ. ಕೀಬೋರ್ಡಿನಲ್ಲಿ ಸಿ, ಡಿ, ಇ, ಜಿ, ಎ ಕೀಗಳು. ಈಗ ಕೀ ಯಾವುದನ್ನೂ ಬದಲಿಸಬೇಡಿ. ಶ್ರುತಿಯನ್ನು ಮಾತ್ರ ಸಿ ಯಿಂದ ಇ ಗೆ ಸರಿಸಿ, ಅಂದರೆ ‘ಗ’ವನ್ನೇ ಷಡ್ಜ ಅಂತ ಹಿಡಿಯಿರಿ. ಅವೇ ಐದು ಕೀಗಳು ಹಿಂದೋಳ ರಾಗವಾಗಿಬಿಡುತ್ತವೆ. ಸಂಗೀತದವರು ಇದಕ್ಕೆ ಗ್ರಹಭೇದ ಅಂತಾರೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಬಿಂದುಗಳು ಇದ್ದಲ್ಲೇ ಇವೆ, ಆರಿಜಿನ್ ಮಾತ್ರ ಸರಿದಿದೆ.

ಇಲಿಗಳ ಹಾಡು ಮೋಹನದಲ್ಲಿ, ಕಂಸಾಳೆಯ ಜೊತೆ, ಜೋರು ನಡೆಯಲ್ಲಿ. ಇಡೀ ಅಂಗಳ ಚಪ್ಪಾಳೆ ತಟ್ಟುತ್ತೆ. ಮಕ್ಕಳ ಹಾಡು ಹಿಂದೋಳದಲ್ಲಿ, ಕಂಸಾಳೆ ಇಲ್ಲದೆ, ನಿಧಾನವಾಗಿ. ಕೇಳುವವರಿಗೆ ಗ್ರಹಭೇದದ ಹೆಸರು ಗೊತ್ತಿರಬೇಕಿಲ್ಲ. ‘ಇದೇ ಅಲ್ವಾ ಅವತ್ತಿನ ಹಾಡು? ಈಗ ಯಾಕೆ ಹಿಂಗೆ ಕೇಳ್ತಿದೆ?’ ಅಂತ ಒಳಗೆ ಏನೋ ಅಲುಗಾಡಿದರೆ ಸಾಕು. ಮಾತಿನಲ್ಲಿ ಹೇಳಿದ್ದರೆ ‘ಜೋಗಿಗೆ ಕೋಪ ಬಂದಿದೆ’ ಅಂತ ಹೇಳಬೇಕಿತ್ತು. ಹಾಡಿನಲ್ಲಿ ಅದನ್ನು ಹೇಳದೆಯೇ ಹೇಳಬಹುದು. ಎಷ್ಟು ಭಯ ತಗೋಬೇಕು ಅನ್ನೋದನ್ನು ಪ್ರತಿಯೊಂದು ಮಗುವೂ ತನ್ನ ಶಕ್ತಿಗೆ ತಕ್ಕಂತೆ ತಾನೇ ತೀರ್ಮಾನಿಸಿಕೊಳ್ಳುತ್ತೆ.

ನಮ್ಮ ಮನೆಮಂದಿ ಕೇಳಿ ಬೆಳೆದದ್ದು

ಈಗ ಮೇಡಂ ಕೇಳಿದ ಪ್ರಶ್ನೆಗೆ ಬರೋಣ. ಮಕ್ಕಳು ವಾಪಸ್ ಬರದ ಕಥೆಯನ್ನು ಅಜ್ಜಿ, ಕೈಕೂಸು ಎಲ್ಲರ ಮುಂದೆ ಆಡಬಹುದಾ?

ಈ ಸೀಮೆಗೆ ರಂಗ ಹೊಸದೇನಲ್ಲ. ನಾಟಕಕಾರ ಸಂಸ ಹುಟ್ಟಿದ್ದು ಯಳಂದೂರು ತಾಲ್ಲೂಕಿನ ಅಗರದಲ್ಲಿ, 1898ರಲ್ಲಿ. ಡಾ. ರಾಜ್‌ಕುಮಾರ್ ಅವರ ತಂದೆ, ಗುಬ್ಬಿ ಕಂಪನಿಯ ನಟ ಪುಟ್ಟಸ್ವಾಮಯ್ಯನವರು ಕೊಳ್ಳೇಗಾಲ ಸೀಮೆಯ ಸಿಂಗಾನಲ್ಲೂರಿನವರು. ಆದರೆ ಕಂಪನಿ ನಾಟಕಕ್ಕಿಂತ ಎಷ್ಟೋ ಮೊದಲೇ ಇಲ್ಲಿ ಮನೆಮಂದಿಯೆಲ್ಲ ಕೂತು ಕೇಳುವ ಸಂಗೀತ ಕಥನ ಇತ್ತು. ಎಪ್ಪತ್ತೇಳು ಮಲೆಯ ಒಡೆಯ ಮಹದೇಶ್ವರನ ಕಥೆಯನ್ನು ದೇವರಗುಡ್ಡರು, ಮಂಟೇಸ್ವಾಮಿ ಮತ್ತು ಸಿದ್ದಪ್ಪಾಜಿಯ ಕಥೆಯನ್ನು ನೀಲಗಾರರು ರಾತ್ರಿಯಿಡೀ ಹಾಡ್ತಾರೆ. ಚಿಕ್ಕಲ್ಲೂರು ಜಾತ್ರೆಗೆ ಹೋದವರಿಗೆ ಇದನ್ನು ವಿವರಿಸಬೇಕಿಲ್ಲ. ಅಜ್ಜಿ ಎಲೆಯಡಿಕೆ ಹಾಕ್ಕೊಂಡು ಕೂತಿರ್ತಾಳೆ, ಅಮ್ಮನ ತೊಡೆ ಮೇಲೆ ಮಗು ಅರ್ಧ ನಿದ್ದೆ, ಅರ್ಧ ಎಚ್ಚರ.

ಆ ಕಥೆಗಳಲ್ಲಿ ಇರೋದು ಬರೀ ಸಿಹಿಯಾ? ಸಂಕಮ್ಮನ ಸಾಲು ನೆನಪು ಮಾಡಿಕೊಳ್ಳಿ. ಕಾಡಿಗೆ ಹೊರಟ ಗಂಡ ಅವಳ ಶೀಲದ ಮೇಲೆ ಅನುಮಾನ ಪಟ್ಟು ಆಣೆ ಕೇಳ್ತಾನೆ. ತಪ್ಪೇ ಮಾಡದವಳು ಆಣೆ ಯಾಕೆ ಇಡಬೇಕು ಅಂತ ಅವಳು ಒಪ್ಪಲ್ಲ. ಅವಳಿಗೆ ಆತ ಕೊಡೋ ಹಿಂಸೆಯನ್ನು ಹಾಡುಗಾರರು ಮುಚ್ಚಿಡಲ್ಲ. ಮಾದೇಶ್ವರ ಬಂದು ಕಾಪಾಡ್ತಾನೆ, ಕಾರಯ್ಯ, ಬಿಲ್ಲಯ್ಯ ಅಂತ ಇಬ್ಬರು ಮಕ್ಕಳ ಭಾಗ್ಯ ಕೊಡ್ತಾನೆ ಅನ್ನೋದು ಆಮೇಲಿನ ಮಾತು. ಅದಕ್ಕೂ ಮೊದಲಿನ ನೋವನ್ನು ಕೇಳಿಸದೆ ಆ ಭಾಗ್ಯಕ್ಕೆ ಬೆಲೆಯೇ ಇರಲ್ಲ. ನಮ್ಮ ಅಮ್ಮಂದಿರು ಇದನ್ನು ಮಕ್ಕಳಾಗಿದ್ದಾಗಲೇ ಕೇಳಿದವರು. ಹೆದರಿದರು, ಅತ್ತರು, ಅಜ್ಜಿಯ ಸೆರಗು ಹಿಡ್ಕೊಂಡರು. ಅಜ್ಜಿ ಪಕ್ಕದಲ್ಲಿ ಇದ್ದಳು ಅನ್ನೋದೇ ಮುಖ್ಯ.

ದೂರದ ಉದಾಹರಣೆಯೂ ಇದೆ. ಎ.ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡದ ಒಂದು ಜನಪದ ಕಥೆಯಲ್ಲಿ ಹುಡುಗಿಯೊಬ್ಬಳು ಹೂಬಿಡುವ ಮರವಾಗ್ತಾಳೆ. ಕೊಂಬೆ ಮುರಿದವರ ದೆಸೆಯಿಂದ ಕೈಕಾಲಿಲ್ಲದ ದೇಹವಾಗಿ ಬೀದಿಯಲ್ಲಿ ಬೀಳ್ತಾಳೆ. ಅಮೆರಿಕದ ಸಂಗೀತಗಾರ ಜಾನ್ ಆಡಮ್ಸ್ ಆ ಕಥೆಯನ್ನು ಒಪೆರಾ ಮಾಡಿದರು, 2006ರಲ್ಲಿ ವಿಯೆನ್ನಾದಲ್ಲಿ ಮೊದಲ ಪ್ರದರ್ಶನ. ಆ ನೋವನ್ನು ಅವರು ತೆಗೆದುಹಾಕಲಿಲ್ಲ. ಇನ್ನು ಹ್ಯಾಮೆಲಿನ್ ಊರಿನವರು ಇವತ್ತಿಗೂ ಬೇಸಿಗೆಯ ಭಾನುವಾರಗಳಲ್ಲಿ ತಮ್ಮ ಕಥೆಯನ್ನು ಬಯಲಿನಲ್ಲಿ ಆಡ್ತಾರೆ, ಊರಿನ ಮಕ್ಕಳೇ ಇಲಿಗಳಾಗ್ತಾರೆ. ಇದೇ ಕಥೆಯ ‘ರ‍್ಯಾಟ್ಸ್’ ಅನ್ನೋ ಸಂಗೀತ ನಾಟಕವೂ ಅಲ್ಲಿದೆ. ಅದೇ ಊರಲ್ಲಿ ಒಂದು ಬೀದಿ ಇದೆ. ಮಕ್ಕಳು ಹೋದ ದಾರಿ ಅಂತ ಅಲ್ಲಿ ವಾದ್ಯ ನುಡಿಸಬಾರದು ಅನ್ನೋದು ಹಳೇ ಪದ್ಧತಿ. ಹಾಡು, ಮೌನ ಎರಡನ್ನೂ ಇಟ್ಟುಕೊಂಡಿರುವ ಊರು ಅದು.

ಅಂದರೆ ಮನೆಮಂದಿಯೆಲ್ಲ ನೋಡುವ ನಾಟಕದಲ್ಲಿ ಭಯ ಇರಬಾರದು ಅಂತೇನಿಲ್ಲ. ಆ ಭಯವನ್ನು ಎಲ್ಲರೂ ಒಟ್ಟಿಗೆ ಕೂತು ಎದುರಿಸುವಂತಿರಬೇಕು. ಇಷ್ಟು ಹೊತ್ತಿಗೆ ನಮ್ಮ ಜಗಳ ಮುಗಿದಿತ್ತು ಅಂದುಕೊಂಡೆವು. ಮುಗಿದಿರಲಿಲ್ಲ.

ಗೌಡನ ಪಾತ್ರ ಯಾರದ್ದು?

ಬ್ರೌನಿಂಗನ ಕವನದಲ್ಲಿ ಕೊಳಲುಗಾರ ಕೇಳೋದು ಸಾವಿರ ನಾಣ್ಯ. ಇಲಿ ಕಾಟದಲ್ಲಿದ್ದ ಮೇಯರ್ “ಸಾವಿರ ಯಾಕೆ, ಐವತ್ತು ಸಾವಿರ ಕೊಡ್ತೀವಿ” ಅಂತಾನೆ. ಇಲಿಗಳು ಮುಳುಗಿದ ಮೇಲೆ “ತಮಾಷೆಗೆ ಅಂದಿದ್ದು, ಐವತ್ತು ತಗೋ” ಅಂತಾನೆ. ನಮ್ಮ ಗೌಡನಿಗೂ ಅಂಥದ್ದೇ ಮಾತು ಬರೆದುಕೊಂಡಿದ್ದೆವು: “ಕೆಲಸ ಆಯ್ತಲ್ಲ ಜೋಗಿ, ಈಗ ಹಣದ ಮಾತು ಯಾಕೆ? ಒಂದು ಶಾಲು ಹೊದಿಸ್ತೀವಿ, ತಗೊಂಡು ಹೋಗು.”

ಗೌಡನ ಪಾತ್ರ ನಮ್ಮ ಸಂಘದ ಖಜಾಂಚಿಯದ್ದು. ಆ ಸಾಲು ಹೇಳಿ ಅವನು ಸುಮ್ಮನೆ ನಿಂತುಬಿಟ್ಟ. ನಮಗೂ ಯಾರಿಗೂ ನಗು ಬರಲಿಲ್ಲ.

ಎರಡು ವರ್ಷದ ಹಿಂದೆ ರಾಜ್ಯೋತ್ಸವಕ್ಕೆ ಹನೂರು ಕಡೆಯಿಂದ ಒಂದು ಬೀಸು ಕಂಸಾಳೆ ತಂಡವನ್ನು ಕರೆಸಿದ್ದೆವು. ಒಪ್ಪಿದ್ದು 15 ಸಾವಿರ. ಎಂಟು ಜನ ಬಸ್ಸಿನಲ್ಲಿ ಬಂದರು. ಕುಣಿತ ಹ್ಯಾಗಿತ್ತು ಅಂದರೆ ಇಡೀ ಕಾಲೇಜು ಮೊಬೈಲ್ ಎತ್ತಿ ಹಿಡಿದಿತ್ತು. ಅವತ್ತಿನ ರೀಲ್ ಈಗಲೂ ನಮ್ಮ ಪೇಜಿನಲ್ಲಿ ಮೊದಲು ಕಾಣೋದು. ರಾತ್ರಿ ಲೆಕ್ಕ ಹಾಕಿದಾಗ ಡಿಜೆ, ಲೈಟಿಂಗ್, ಟೀ ಶರ್ಟು ಅಂತ ಎಲ್ಲಾ ಖರ್ಚಾಗಿತ್ತು. 6 ಸಾವಿರ ಕೊಟ್ಟೆವು. ಜೊತೆಗೆ ಶಾಲು, ಹಾರ, ಸರ್ಟಿಫಿಕೇಟು, ಗ್ರೂಪ್ ಫೋಟೋ. “ಉಳಿದಿದ್ದು ಮುಂದಿನ ವಾರ ಹಾಕ್ತೀವಿ ಅಣ್ಣ” ಅಂದೆವು. ತಂಡದ ಹಿರಿಯರು ಮೂರು ಸಲ ಫೋನ್ ಮಾಡಿದರು. ಆಮೇಲೆ ಮಾಡಲಿಲ್ಲ. ನಾವೂ ಮರೆತೆವು.

ಜೋಗಿಗೆ, ಗುಡ್ಡರಿಗೆ ಮನೆಬಾಗಿಲಲ್ಲಿ ಮೊರದ ತುಂಬ ಕೊಡೋದು ಪಡಿ, ಭಿಕ್ಷೆ. ಅದು ಭಕ್ತಿಯ ಲೆಕ್ಕ, ಅಲ್ಲಿ ಇಷ್ಟೇ ಅಂತಿಲ್ಲ. ಆದರೆ ನಾವು ಕರೆಸಿ, ರೇಟು ಮಾತಾಡಿ, ಕೆಲಸ ಮಾಡಿಸಿಕೊಂಡದ್ದು ಕೂಲಿಯ ಲೆಕ್ಕ. ಕೂಲಿಯ ಜಾಗದಲ್ಲಿ ಶಾಲು ಇಡೋದು ಗೌಡ ಮಾಡಿದ ಕೆಲಸವೇ. ಇಂಟರ್ನ್‌ಶಿಪ್ಪಿನಲ್ಲಿ ಮೂರು ತಿಂಗಳು ಕೋಡ್ ಬರೆಸಿಕೊಂಡು ಸರ್ಟಿಫಿಕೇಟು ಮಾತ್ರ ಕೊಟ್ಟರೆ ನಾವೇ ಎಷ್ಟು ಕುದೀತೀವಿ!

ಅವತ್ತೇ ಫೋನ್ ಮಾಡಿದೆವು. ಬೈತಾರೆ ಅಂದುಕೊಂಡಿದ್ದೆವು. ಅವರು ಬೈಯಲಿಲ್ಲ. “ಅವತ್ತು ಎಂಟು ಜನ ಬಂದಿದ್ದೋ ಕಣಪ್ಪ. ನಿಮ್ಮ ದುಡ್ಡು ಬತ್ತದ ಅಂತ ಮಿಕ್ಕೋರ್ಗೆಲ್ಲ ನಾನೇ ಕೈಯಿಂದ ಕೊಟ್ಬುಟ್ಟೆ. ಬಾಕಿ ಇರೋದು ನಂಗೊಬ್ನಿಗೇ” ಅಂದರು, ಅಷ್ಟೇ.

ಆ 9 ಸಾವಿರವನ್ನು ಕಾಲೇಜಿನ ಬಜೆಟ್ಟಿನಿಂದ ತೆಗೀಲಿಲ್ಲ. ಅವತ್ತಿನ ಸಮಿತಿಯಲ್ಲಿದ್ದವರು, ಪಾಸಾಗಿ ಹೋದ ಸೀನಿಯರ್‌ಗಳೂ ಸೇರಿ, ಕೈಯಿಂದ ಹಾಕಿ ಕಳಿಸಿದೆವು. ಎರಡು ವರ್ಷ ತಡವಾದದ್ದಕ್ಕೆ ನಮ್ಮ ಹತ್ತಿರ ಸಮಜಾಯಿಷಿ ಇಲ್ಲ. ಆಮೇಲೆ, ನಮ್ಮ ಮೇಳಕ್ಕೆ ಕಂಸಾಳೆ ಕಲಿಸಿಕೊಡ್ತೀರಾ ಅಂತ ಕೇಳಿದೆವು. ನಾಲ್ಕು ದಿನಕ್ಕೆ ಎಷ್ಟು ಅಂತ ಮಾತಾಡಿ, ಅವರು ಬಸ್ಸು ಹತ್ತುವ ಮೊದಲೇ ದುಡ್ಡು ಹಾಕಿದೆವು.

ಕಥೆ ಹೇಳಕ್ಕೆ ಒಬ್ಬ ಉಳೀಬೇಕು

ಕಲಿಸೋಕೆ ಬಂದ ಮೊದಲ ದಿನ ಅವರು ಪೂರ್ತಿ ಕಥೆ ಕೇಳಿದರು. ಹೇಳಿದೆವು. ಕೊನೆ ಬದಲಿಸಬೇಕಾ ಬೇಡವಾ ಅನ್ನೋ ನಮ್ಮ ಜಗಳವನ್ನೂ ಹೇಳಿದೆವು. ಸ್ವಲ್ಪ ಹೊತ್ತು ಕಂಸಾಳೆಯ ದಾರ ಸುತ್ತುತ್ತಾ ಕೂತಿದ್ದು ಕೇಳಿದರು: “ಒಬ್ಬ ಹುಡ್ಗ ಹಿಂದಕ್ಕೆ ಉಳ್ಕಂಡ ಅಂದ್ರಲ್ಲ, ಅವ್ನು ಏನ್ ಹಾಡ್ತಾನೆ?”

ನಾವು ಅವನಿಗೆ ಏನೂ ಕೊಟ್ಟಿರಲಿಲ್ಲ. ಅಳುತ್ತಾ ನಿಲ್ತಾನೆ, ದೀಪ ಆರುತ್ತೆ, ಅಷ್ಟೇ.

“ಎಲ್ಲಾರೂ ಹೊಂಟೋದ್ರೆ ಕಥೆ ಹೇಳೋರ್ಯಾರು? ಹೇಳಕ್ಕೆ ಅಂತ ಒಬ್ಬ ಉಳೀಬೇಕಲ್ಲ” ಅಂದರು.

ಅದು ಇತ್ಯರ್ಥ ಮಾಡಿತು. ಕೊನೆ ಬದಲಾಗಿಲ್ಲ. ಮಕ್ಕಳು ವಾಪಸ್ ಬರಲ್ಲ. ಆದರೆ ಆ ಹುಡುಗ ಖಾಲಿ ಅಂಗಳದಲ್ಲಿ ಒಬ್ಬನೇ ನಿಂತು ಜೋಗಿಯ ಹಾಡನ್ನು ಎತ್ತಿಕೊಳ್ತಾನೆ. ಮೊದಲು ಹಿಂದೋಳದಲ್ಲಿ, ತಡವರಿಸುತ್ತಾ. ಆಮೇಲೆ ಶ್ರುತಿ ಮತ್ತೆ ಮೊದಲಿನ ಜಾಗಕ್ಕೆ ಸರಿಯುತ್ತೆ, ಮೋಹನಕ್ಕೆ. ಊರಿನವರು ಒಬ್ಬೊಬ್ಬರಾಗಿ ಬಂದು ಸೊಲ್ಲು ಹಿಡೀತಾರೆ. ಕೊನೆಗೆ ಬರೋದು ಗೌಡ. ಅವನ ಕೈಯಲ್ಲಿ ಜೋಗಿಗೆ ಕೊಡಬೇಕಾಗಿದ್ದ ಹಣದ ಚೀಲ ಇರುತ್ತೆ. ತಗೊಳ್ಳೋಕೆ ಯಾರೂ ಇಲ್ಲ. ಅವನು ಅದನ್ನು ನೆಲದ ಮೇಲಿಟ್ಟು ಹಿಮ್ಮೇಳದಲ್ಲಿ ನಿಲ್ತಾನೆ. ಹಳೇ ಪದ್ಯದಲ್ಲಿ ಆ ಹುಡುಗನನ್ನು ಕರೆಯುವ ಮಾತನ್ನು ನಾವು ರಂಗದ ಮೇಲೆ ಬಳಸಿಲ್ಲ. ನಮ್ಮ ನಾಟಕದಲ್ಲಿ ಅವನಿಗೆ ‘ಕಥೆಗಾರ’ ಅಂತಲೇ ಹೆಸರು.

ಮೇಡಂಗೆ ಇದನ್ನೆಲ್ಲ ಬರೆದು ಕಳಿಸಿದೆವು. ಅವರು ಎರಡು ಷರತ್ತು ಹಾಕಿ ಒಪ್ಪಿದರು. ಎರಡೂ ನಮಗಿಂತ ಜಾಣತನದ ಷರತ್ತುಗಳು. ಒಂದು, ನಾಟಕ ಮುಗಿದ ಕೂಡಲೇ ಬೆಟ್ಟದೊಳಗೆ ಹೋದ ಮೂವತ್ತೂ ಮಕ್ಕಳು ಹಿಂದಿನಿಂದ ಪ್ರೇಕ್ಷಕರ ಮಧ್ಯೆಯೇ ನಡೆದು ಬಂದು ಕೈಮುಗೀಬೇಕು. ಚಿಕ್ಕ ಮಕ್ಕಳಿಗೆ ತಮ್ಮ ಅಕ್ಕ, ಅಣ್ಣ ಕಣ್ಣಿಗೆ ಕಾಣಬೇಕು, ಕೈಗೆ ಸಿಗಬೇಕು. ಕಥೆಯೊಳಗೆ ಅವರು ಬರಲಿಲ್ಲ, ಅಂಗಳಕ್ಕೆ ಬಂದರು ಅನ್ನೋ ವ್ಯತ್ಯಾಸ ಮಕ್ಕಳಿಗೆ ನಮಗಿಂತ ಬೇಗ ಅರ್ಥವಾಗುತ್ತೆ ಅಂದರು ಅವರು. ಎರಡು, ನಾವು ಸಾಮಾನು ಕಟ್ಟೋ ಗಡಿಬಿಡಿಯಲ್ಲಿ ಓಡಬಾರದು. ಹತ್ತು ನಿಮಿಷ ಮಕ್ಕಳ ಜೊತೆ ಕೂತು ‘ಗೌಡ ಏನು ಮಾಡಬೇಕಿತ್ತು?’ ಅಂತ ಕೇಳಬೇಕು.

ಯಳಂದೂರಿನ ಅಂಗಳದಲ್ಲಿ ನಿಂತರೆ ದೂರದಲ್ಲಿ ಬಿಳಿಗಿರಿಯ ಸಾಲು ಕಾಣುತ್ತೆ. ಬೆಟ್ಟ ಬಾಯಿ ತೆರೀತು ಅಂತ ಮೇಳ ಹಾಡುವಾಗ ಮಕ್ಕಳು ತಿರುಗಿ ನೋಡೋದು ಅದನ್ನೇ. ಅದಕ್ಕೆ ನಮಗೆ ಪರದೆಯ ಖರ್ಚು ಉಳೀತು. ಹಾಗೆ ಉಳಿದ ದುಡ್ಡು ಕಂಸಾಳೆ ಕಲಿಸಿದವರ ಬಸ್ ಚಾರ್ಜಿಗೆ ಸೇರಿತು.

ರಿಹರ್ಸಲ್ ದಿನಾ ಸಂಜೆ ಐದೂವರೆಗೆ. ಹಾಡೋಕೆ ಬರಲ್ಲ ಅನ್ನೋರೂ ಬನ್ನಿ, ಹಾಳೆ ಪರಪರ ಅನ್ನಿಸೋಕೆ ಜನ ಬೇಕು. ಜನವರಿಯ ಮೂರು ದಿನವೂ ಟಿಕೆಟ್ ಇಲ್ಲ, ಜಮಖಾನ ಹಾಸಿರ್ತೀವಿ, ಮನೆಯವರನ್ನೂ ಕರ್ಕೊಂಡು ಬನ್ನಿ. ಇನ್ನೊಂದು ಮಾತು: ನಿಮ್ಮ ನಿಮ್ಮ ವಿಭಾಗದ ಫೆಸ್ಟಿಗೆ ಈ ವರ್ಷ ಯಾವುದಾದರೂ ತಂಡ ಕರೆಸುತ್ತಿದ್ದರೆ, ಟೀ ಶರ್ಟು ಆರ್ಡರ್ ಮಾಡೋ ಮೊದಲು ಅವರ ದುಡ್ಡು ತೆಗೆದಿಡಿ.